ಒಡೆಯದೆ ಒಳಗಿನ ದೋಷ ಹುಡುಕುವುದು ಹೇಗೆ: ಎನ್‌ಡಿಟಿ ಕೈಗೆತ್ತಿಕೊಳ್ಳುವವರಿಗೆ

ಎನ್‌ಡಿಟಿ (ನಾನ್-ಡಿಸ್ಟ್ರಕ್ಟಿವ್ ಟೆಸ್ಟಿಂಗ್, ಅಂದರೆ ವಸ್ತುವನ್ನು ಒಡೆಯದೆ ಮಾಡುವ ಪರೀಕ್ಷೆ) ಅಂದ ಕೂಡಲೇ ಬರುವ ಪ್ರಶ್ನೆ ಒಂದೇ. ಯಾವ ಮಷೀನ್ ಒಳ್ಳೇದು? ಅಲ್ಟ್ರಾಸೌಂಡೋ, ಎಕ್ಸ್-ರೇಯೋ? ಈ ಪ್ರಶ್ನೆಗೆ ಉತ್ತರ ಇಲ್ಲ, ಯಾಕಂದ್ರೆ ಒಂದು ವಿಧಾನಕ್ಕೆ ಎದ್ದು ಕಾಣುವ ಬಿರುಕು ಇನ್ನೊಂದಕ್ಕೆ ಕಾಣುವುದೇ ಇಲ್ಲ. ದುಬಾರಿ ಮಷೀನ್ ತಂದು, ಬಣ್ಣಬಣ್ಣದ ರಿಪೋರ್ಟ್ ತೆಗೆದು, ಕೊನೆಯಲ್ಲಿ ‘ದೋಷ ಇಲ್ಲ’ ಅಂತ ಬರೆದು, ಆಮೇಲೆ ಅದೇ ಜಾಗದಲ್ಲಿ ಪೈಪ್ ಸೀಳಿಕೊಂಡರೆ ಸುಮ್ನೆ ಮಷೀನನ್ನು ಬೈದು ಪ್ರಯೋಜನ ಇಲ್ಲ. ಏನು ಹುಡುಕುತ್ತಿದ್ದೇವೆ ಅಂತ ಬಹಳ ಸಲ ಯಾರೂ ಮೊದಲು ಕೇಳಿಯೇ ಇರುವುದಿಲ್ಲ.

ಹಾಗಾಗಿ ಇಲ್ಲಿ ಮಷೀನಿನ ಮಾತು ಆಮೇಲೆ ಬರುತ್ತದೆ. ವರ್ಕ್‌ಶಾಪಿನವರು, ಸೈಟ್ ಎಂಜಿನಿಯರ್‌ಗಳು, ಮೇಂಟೆನೆನ್ಸ್ ನೋಡಿಕೊಳ್ಳುವವರು, ಈಗಷ್ಟೇ ಎನ್‌ಡಿಟಿ ಪರೀಕ್ಷಕರ ಲೆವೆಲ್ 2 ಅರ್ಹತಾ ಪರೀಕ್ಷೆಗೆ ಓದುತ್ತಿರುವವರು, ಯಾರೇ ಆಗಲಿ ಯಾವ ಕ್ರಮದಲ್ಲಿ ಯೋಚಿಸಬೇಕು, ಕೈಯಲ್ಲಿ ಏನು ಮಾಡಬೇಕು ಅನ್ನುವುದನ್ನು ಬರೆದಿದ್ದೇನೆ.

ಮೊದಲು ದೋಷ, ಆಮೇಲೆ ಮಷೀನ್

ವಸ್ತು ಹೇಗೆ ತಯಾರಾಯಿತು ಅನ್ನುವುದೇ ಅದರಲ್ಲಿ ಎಂಥ ದೋಷ ಇರಬಹುದು ಅಂತ ಅರ್ಧ ಹೇಳಿಬಿಡುತ್ತದೆ. ಎರಕ ಹೊಯ್ದದ್ದಾದರೆ ಒಳಗೆ ಗಾಳಿಗುಳ್ಳೆ ಇರಬಹುದು, ಲೋಹ ತಣ್ಣಗಾಗುವಾಗ ಕುಗ್ಗಿ ಉಳಿದ ಟೊಳ್ಳು ಇರಬಹುದು. ರೋಲ್ ಮಾಡಿದ ಪ್ಲೇಟ್ ಆದರೆ ದೋಷ ಚಪ್ಪಟೆಯಾಗಿ, ಮೇಲ್ಮೈಗೆ ಸಮಾನಾಂತರವಾಗಿ, ಪದರದ ಹಾಗೆ ಮಲಗಿರುತ್ತದೆ. ಇದನ್ನು ಲ್ಯಾಮಿನೇಷನ್ ಅನ್ನುತ್ತಾರೆ. ವೆಲ್ಡ್ ಆದರೆ ಸ್ಲ್ಯಾಗ್ (ವೆಲ್ಡಿಂಗಿನ ಕಿಟ್ಟ) ಸಿಕ್ಕಿಕೊಂಡಿರುವುದು, ಗುಳ್ಳೆಗಳು, ಬಿರುಕು, ಎಲ್ಲಕ್ಕಿಂತ ಕೆಟ್ಟದ್ದಾಗಿ ಅಂಚಿಗೆ ಲೋಹ ಕೂಡಿಕೊಳ್ಳದೇ ಇರುವುದು. ಬಳಕೆಯಲ್ಲಿ ದಣಿದ ಭಾಗವಾದರೆ ಬಿರುಕು ಸಾಮಾನ್ಯವಾಗಿ ಮೇಲ್ಮೈಯಿಂದಲೇ ಶುರುವಾಗುತ್ತದೆ, ಅದೂ ಎಲ್ಲೆಂದರಲ್ಲಿ ಅಲ್ಲ. ರಂಧ್ರದ ಬಾಯಿ, ಕೀ-ವೇ ಮೂಲೆ, ವೆಲ್ಡ್‌ನ ಅಂಚು, ದಪ್ಪ ಇದ್ದಕ್ಕಿದ್ದ ಹಾಗೆ ಬದಲಾಗುವ ಜಾಗ, ಇಂಥ ಕಡೆ.

ಇನ್ನೊಂದು ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ: ದೋಷ ಯಾವ ದಿಕ್ಕಿಗಿದೆ? ಚಪ್ಪಟೆ ದೋಷದ ವಿಷಯದಲ್ಲಿ ಗಾತ್ರಕ್ಕಿಂತ ದಿಕ್ಕೇ ಮುಖ್ಯ. ಪ್ಲೇಟಿನ ಒಳಗೆ ಅಂಗೈ ಅಗಲದ ಲ್ಯಾಮಿನೇಷನ್ ಇದ್ದರೂ ಮೇಲಿನಿಂದ ತೆಗೆದ ಎಕ್ಸ್-ರೇ ಫಿಲ್ಮಿನಲ್ಲಿ ಏನೂ ಕಾಣುವುದಿಲ್ಲ, ಯಾಕಂದ್ರೆ ಕಿರಣ ಹಾದುಹೋಗುವ ಲೋಹದ ದಪ್ಪ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದೇ ಲ್ಯಾಮಿನೇಷನ್ ಮೇಲೆ ನೇರ ಅಲ್ಟ್ರಾಸಾನಿಕ್ ಪ್ರೋಬ್ (ಶಬ್ದವನ್ನು ನೆಟ್ಟಗೆ ಒಳಗೆ ಕಳಿಸುವ ತುದಿ) ಇಟ್ಟರೆ ಸ್ಕ್ರೀನ್ ತುಂಬ ಎಕೋ ಬರುತ್ತದೆ. ನೆಟ್ಟಗೆ ನಿಂತ ಬಿರುಕಿಗೆ ಇದರ ಉಲ್ಟಾ: ನೇರ ಪ್ರೋಬಿಗೆ ಅದು ಕೂದಲೆಳೆಯಷ್ಟು ಗುರಿ, ಎಕ್ಸ್-ರೇಗೆ ಮಾತ್ರ ಕಿರಣದ ದಿಕ್ಕಿಗೇ ನಿಂತಿದ್ದರೆ ಚೆನ್ನಾಗಿ ಸಿಗುತ್ತದೆ. ಸ್ವಲ್ಪ ವಾಲಿದರೆ ಅದಕ್ಕೂ ಇಲ್ಲ.

ಆದ್ದರಿಂದ ಕೆಲಸ ಶುರು ಮಾಡುವ ಮುಂಚೆ ಒಂದು ಹಾಳೆಯಲ್ಲಿ ಆ ಭಾಗದ ಚಿತ್ರ ಬರೆಯಿರಿ, ಅಂಕುಡೊಂಕಾಗಿ ಆದರೂ ಪರವಾಗಿಲ್ಲ. ಅದರಲ್ಲಿ ಭಾರ ಎಲ್ಲಿ ಬೀಳುತ್ತದೆ, ಬಿರುಕು ಬಂದರೆ ಯಾವ ದಿಕ್ಕಿಗೆ ಬರುತ್ತದೆ ಅಂತ ಗೀಟು ಎಳೆಯಿರಿ. ಎಳೆತಕ್ಕೆ ಅಡ್ಡವಾಗಿ ಬಿರುಕು ಬೆಳೆಯುತ್ತದೆ ಅನ್ನುವುದು ನೆನಪಿದ್ದರೆ ಮುಕ್ಕಾಲು ಪಾಲು ಸರಿಯಾಗಿಯೇ ಬರುತ್ತದೆ. ವಿಧಾನ ಯಾವುದು ಅಂತ ಆ ಗೀಟೇ ಹೇಳುತ್ತದೆ.

ಕಣ್ಣು

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ, ಎಲ್ಲಕ್ಕಿಂತ ಜಾಸ್ತಿ ಅಸಡ್ಡೆ ಮಾಡುವ ಪರೀಕ್ಷೆಯೂ ಇದೇ. ಸರಿಯಾಗಿ ಮಾಡಿದರೆ ಎಷ್ಟೋ ಕೆಲಸ ಇಲ್ಲೇ ಮುಗಿಯುತ್ತದೆ. ಕಣ್ಣು 600 ಮಿ.ಮೀ. ಒಳಗೆ ಇರಬೇಕು, ನೋಡುವ ಕೋನ ಮೇಲ್ಮೈಗೆ 30 ಡಿಗ್ರಿಗಿಂತ ಕಡಿಮೆ ಇರಬಾರದು, ಬೆಳಕು 1,000 ಲಕ್ಸ್ ಇರಬೇಕು. ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘ) ಕೋಡ್ ಕೇಳುವುದು ಇಷ್ಟು. ಮೊದಲು ಜಿಡ್ಡು, ಧೂಳು ಒರೆಸಿ. ಟಾರ್ಚನ್ನು ನೆಟ್ಟಗೆ ಬಿಡದೆ ಮೇಲ್ಮೈಗೆ ತೀರಾ ಓರೆಯಾಗಿ ಬಿಟ್ಟರೆ ಸಣ್ಣ ಉಬ್ಬು, ತಗ್ಗು, ಬಿರುಕಿನ ಅಂಚು ಎಲ್ಲವೂ ನೆರಳು ಬಿದ್ದು ಎದ್ದು ಕಾಣುತ್ತವೆ. ಪೇಂಟ್ ಮೇಲೆ ಸಣ್ಣ ಗೆರೆಯಾಗಿ ತುಕ್ಕಿನ ನೀರು ಇಳಿದಿದ್ದರೆ ಅದನ್ನು ಕೊಳೆ ಅಂದುಕೊಂಡು ಒರೆಸಿಬಿಡಬೇಡಿ. ಅದರ ಹಿಂದೆ ಬಿರುಕು ಇರುವ ಸಾಧ್ಯತೆ ತುಂಬಾ ಇದೆ. ಮೊದಲು ಫೋಟೋ, ಆಮೇಲೆ ಒರೆಸುವುದು.

ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್: ಮೂರು ಡಬ್ಬಿಯ ಪರೀಕ್ಷೆ

ಕ್ಲೀನರ್, ಕೆಂಪು ಪೆನೆಟ್ರೆಂಟ್, ಬಿಳಿ ಡೆವಲಪರ್, ಇಷ್ಟೇ ಸಾಮಾನು. ಬಣ್ಣದ ದ್ರವ ಸಣ್ಣ ಬಿರುಕಿನೊಳಗೆ ತಾನಾಗಿ ನುಗ್ಗುತ್ತದೆ. ಮೇಲಿನದನ್ನು ಒರೆಸಿ ಬಿಳಿ ಪುಡಿ ಹಾಕಿದರೆ ಒಳಗಿದ್ದದ್ದನ್ನು ಅದು ಮತ್ತೆ ಹೊರಗೆ ಹೀರುತ್ತದೆ, ಕಣ್ಣಿಗೆ ಕಾಣದ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಉಕ್ಕು, ಅಲ್ಯೂಮಿನಿಯಂ, ತಾಮ್ರ, ಟೈಟೇನಿಯಂ, ಗಾಜು, ಯಾವುದಕ್ಕಾದರೂ ಆಗುತ್ತದೆ. ಷರತ್ತು ಎರಡು. ವಸ್ತು ರಂಧ್ರರಂಧ್ರ ಆಗಿರಬಾರದು, ದೋಷದ ಬಾಯಿ ಮೇಲ್ಮೈಗೆ ತೆರೆದಿರಬೇಕು. ಅರ್ಧ ಮಿಲಿಮೀಟರ್ ಕೆಳಗೆ ಮುಚ್ಚಿಕೊಂಡು ಕೂತ ದೋಷವನ್ನು ಡಿಪಿ ಯಾವತ್ತೂ ತೋರಿಸುವುದಿಲ್ಲ.

ಮಾಡುವಾಗ ಮುಕ್ಕಾಲು ಕೆಲಸ ಸ್ವಚ್ಛತೆಯದ್ದು. ಪೇಂಟ್, ಜಿಡ್ಡು, ತುಕ್ಕು ಎಲ್ಲ ಹೋಗಬೇಕು, ಆದರೆ ಸ್ಯಾಂಡ್ ಬ್ಲಾಸ್ಟ್ ಮಾಡಿ ತೆಗೆಯಬೇಡಿ. ಮೃದು ಲೋಹದಲ್ಲಂತೂ ಬ್ಲಾಸ್ಟಿಂಗ್, ಜೋರು ಗ್ರೈಂಡಿಂಗ್ ಎರಡೂ ಬಿರುಕಿನ ಬಾಯಿಯನ್ನೇ ತಟ್ಟಿ ಮುಚ್ಚಿಬಿಡುತ್ತವೆ, ಆಮೇಲೆ ನೀವು ಎಷ್ಟು ಪೆನೆಟ್ರೆಂಟ್ ಸುರಿದರೂ ಒಳಗೆ ಇಳಿಯುವುದಿಲ್ಲ. ಕ್ಲೀನರ್ ಹಾಕಿದ ಮೇಲೆ ಪೂರ್ತಿ ಒಣಗಲು ಬಿಡಿ, ಬಿರುಕಿನಲ್ಲಿ ಕ್ಲೀನರ್ ಉಳಿದಿದ್ದರೆ ಪೆನೆಟ್ರೆಂಟ್‌ಗೆ ಜಾಗ ಎಲ್ಲಿ? ನಂತರ ಪೆನೆಟ್ರೆಂಟ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಸಾಮಾನ್ಯವಾಗಿ 10 ನಿಮಿಷದ ಆಸುಪಾಸು, ಸಣ್ಣ ಬಿಗಿ ಬಿರುಕಿಗೆ ಇನ್ನೂ ಜಾಸ್ತಿ. ಅಷ್ಟರಲ್ಲಿ ಒಣಗಿಹೋಗುವ ಹಾಗಿದ್ದರೆ ಮತ್ತೆ ಹಚ್ಚಿ. ಲೋಹ ತೀರಾ ತಣ್ಣಗೂ ಇರಬಾರದು, ಸುಡಲೂಬಾರದು. 10ರಿಂದ 50 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಚಿಂತೆ ಇಲ್ಲ.

ಒರೆಸುವ ಹಂತದಲ್ಲೇ ಹೆಚ್ಚಿನವರು ಕೆಡಿಸುವುದು. ಮೊದಲು ಒಣ ಬಟ್ಟೆ, ನೂಲು ಬಿಡದಂಥದ್ದು. ಆಮೇಲೆ ಕ್ಲೀನರನ್ನು ಬಟ್ಟೆಗೆ ಸ್ವಲ್ಪ ಹೊಡೆದು ಆ ಬಟ್ಟೆಯಿಂದ ಒರೆಸಬೇಕು. ಕ್ಲೀನರನ್ನು ನೇರವಾಗಿ ಭಾಗದ ಮೇಲೆ ಸ್ಪ್ರೇ ಮಾಡಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ, ಭಾಗ ಅಪ್ಪಟ ಚಿನ್ನದ ಹಾಗೆ ಪಾಸಾಗುತ್ತದೆ. ಹೀಗೆ ಸ್ಪ್ರೇ ಮಾಡುವವರನ್ನು ಕಂಡರೆ ಆ ರಿಪೋರ್ಟನ್ನು ಓದುವ ಕಷ್ಟ ತೆಗೆದುಕೊಳ್ಳಬೇಡಿ.

ಡೆವಲಪರ್ ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ, ದೂರದಿಂದ ತೆಳ್ಳಗೆ ಹೊಡೆಯಿರಿ. ದಪ್ಪವಾಗಿ ಬಳಿದರೆ ಸಣ್ಣ ಗೆರೆ ಅದರ ಕೆಳಗೇ ಉಳಿಯುತ್ತದೆ. ಹೊಡೆದ ತಕ್ಷಣದಿಂದ ನೋಡುತ್ತಾ ನಿಲ್ಲಿ, ಹತ್ತು ನಿಮಿಷ ಬಿಟ್ಟು ಬಂದು ನೋಡುವುದಲ್ಲ. ಮೊದಲ ಕ್ಷಣಗಳಲ್ಲಿ ತೆಳು ಗೆರೆಯಾಗಿದ್ದದ್ದು ಆಮೇಲೆ ಹರಡಿ ಕಲೆಯಾಗುತ್ತದೆ, ಆಗ ಅದು ಬಿರುಕೋ ಗುಳ್ಳೆಯೋ ಹೇಳುವುದು ಕಷ್ಟ. ಕೊನೆಯ ತೀರ್ಮಾನ ಮಾತ್ರ ಕನಿಷ್ಠ 10 ನಿಮಿಷ ಕಳೆದ ಮೇಲೆ. ಅಗಲಕ್ಕಿಂತ ಉದ್ದ ತುಂಬಾ ಜಾಸ್ತಿ ಇರುವ ಗೆರೆ ಸಾಮಾನ್ಯವಾಗಿ ಬಿರುಕು ಅಥವಾ ಕೂಡದ ಜಾಗ, ದುಂಡಗಿನ ಚುಕ್ಕಿ ಸಾಮಾನ್ಯವಾಗಿ ಗುಳ್ಳೆ. ಅನುಮಾನ ಬಂದರೆ ಎಲ್ಲ ತೊಳೆದು ಮೊದಲಿನಿಂದ ಮಾಡಿ. ಬೆರಳಚ್ಚು, ಬಟ್ಟೆಯ ನೂಲು ಇವು ಎರಡನೇ ಸಲ ಅದೇ ಜಾಗದಲ್ಲಿ ಬರುವುದಿಲ್ಲ, ಬಿರುಕು ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಟೈಟೇನಿಯಂ ಭಾಗಗಳಿಗೆ ಕ್ಲೋರಿನ್ ಅಂಶ ಕಡಿಮೆ ಇರುವ ಡಬ್ಬಿಗಳೇ ಬೇಕು, ಇಲ್ಲದಿದ್ದರೆ ಪರೀಕ್ಷೆಯೇ ಮುಂದೊಂದು ದಿನ ಬಿರುಕು ತರಿಸಬಹುದು. ಕೆಲಸ ಮುಗಿದ ಮೇಲೆ ಎಲ್ಲ ತೊಳೆದು ತೆಗೆಯಿರಿ. ಈ ಸ್ಪ್ರೇಗಳಿಗೆ ಬೆಂಕಿ ಬೇಗ ಹತ್ತುತ್ತದೆ, ಮುಚ್ಚಿದ ಟ್ಯಾಂಕಿನೊಳಗೆ ಗಾಳಿಯ ವ್ಯವಸ್ಥೆ ಇಲ್ಲದೆ ಬಳಸಬೇಡಿ.

ಮ್ಯಾಗ್ನೆಟ್ ಮತ್ತು ಪುಡಿ

ಉಕ್ಕನ್ನು ಅಯಸ್ಕಾಂತ ಮಾಡಿದಾಗ ಬಿರುಕು ಇರುವ ಕಡೆ ಕಾಂತರೇಖೆಗಳು ಹೊರಗೆ ಸೋರುತ್ತವೆ, ಅಲ್ಲಿ ಕಬ್ಬಿಣದ ಪುಡಿ ಬಂದು ಅಂಟಿಕೊಳ್ಳುತ್ತದೆ. ವಿಚಾರ ಹಳೆಯದು. 1868ರಲ್ಲೇ ಸ್ಯಾಕ್ಸ್‌ಬಿ ಅನ್ನುವವರು ಬಂದೂಕು ನಳಿಗೆಯ ದೋಷವನ್ನು ದಿಕ್ಸೂಚಿಯ ಮುಳ್ಳಿನಿಂದ ಪತ್ತೆ ಮಾಡಿದ್ದರು. ಇದು ಡಿಪಿಗಿಂತ ಬೇಗ ಮುಗಿಯುತ್ತದೆ, ಮೇಲ್ಮೈಯಿಂದ ಸ್ವಲ್ಪ ಕೆಳಗಿನ ದೋಷವನ್ನೂ ಕೆಲವೊಮ್ಮೆ ಹಿಡಿಯುತ್ತದೆ. ಆದರೆ ಮ್ಯಾಗ್ನೆಟ್ ಅಂಟುವ ಲೋಹಕ್ಕೆ ಮಾತ್ರ. ಅಲ್ಯೂಮಿನಿಯಂ, ತಾಮ್ರ, 304 ಮತ್ತು 316 ಸ್ಟೇನ್‌ಲೆಸ್ ಇವಕ್ಕೆಲ್ಲ ಆಗುವುದಿಲ್ಲ.

ಇಲ್ಲೂ ದಿಕ್ಕಿನದೇ ಆಟ. ಯೋಕ್ ಅಂದರೆ ಎರಡು ಕಾಲಿನ ವಿದ್ಯುತ್ ಅಯಸ್ಕಾಂತ. ಅದರ ಎರಡು ಕಾಲುಗಳ ನಡುವೆ ಕಾಂತರೇಖೆ ಹರಿಯುತ್ತದೆ, ಅದಕ್ಕೆ ಅಡ್ಡವಾಗಿರುವ ಬಿರುಕು ಮಾತ್ರ ಚೆನ್ನಾಗಿ ತೋರುತ್ತದೆ. ಅದರ ಜೊತೆಗೇ ಉದ್ದಕ್ಕೆ ಮಲಗಿದ ಬಿರುಕು ತೋರುವುದಿಲ್ಲ. ಆದ್ದರಿಂದ ಪ್ರತಿ ಜಾಗವನ್ನೂ ಎರಡು ಸಲ, ಯೋಕನ್ನು ಸುಮಾರು 90 ಡಿಗ್ರಿ ತಿರುಗಿಸಿ ನೋಡಬೇಕು. ಒಂದೇ ದಿಕ್ಕಿಗೆ ಮಾಡಿ ಮುಗಿಸಿದ ಕೆಲಸವನ್ನು ಅರ್ಧ ಕೆಲಸ ಅಂತಲೇ ಲೆಕ್ಕ ಹಿಡಿಯಿರಿ. ಯೋಕ್‌ಗೆ ಶಕ್ತಿ ಇದೆಯೋ ಇಲ್ಲವೋ ಅಂತ ತಿಳಿಯಲು ಸುಲಭದ ದಾರಿ ಭಾರ ಎತ್ತಿಸುವುದು: ಎಸಿ ಯೋಕ್ ಕನಿಷ್ಠ 4.5 ಕೆ.ಜಿ., ಡಿಸಿ ಯೋಕ್ ಕನಿಷ್ಠ 18.1 ಕೆ.ಜಿ. ಎತ್ತಬೇಕು, ಅದೂ ಕಾಲುಗಳನ್ನು ಕೆಲಸದಲ್ಲಿ ಬಳಸುವಷ್ಟೇ ಅಗಲ ಮಾಡಿ. ಕರೆಂಟ್ ಹರಿಯುತ್ತಿರುವಾಗಲೇ ಪುಡಿ ಹಾಕಿ, ಹೆಚ್ಚಾದದ್ದು ಸರಿಯುವ ತನಕ ಕರೆಂಟ್ ಇರಲಿ. ಮೊದಲೇ ಬಿಳಿ ಕಾಂಟ್ರಾಸ್ಟ್ ಪೇಂಟ್ ತೆಳ್ಳಗೆ ಹೊಡೆದಿದ್ದರೆ ಕಪ್ಪು ಪುಡಿ ಚೆನ್ನಾಗಿ ಕಾಣುತ್ತದೆ. ಪುಡಿ ಸೇರಿದ ಕಡೆಯೆಲ್ಲ ಬಿರುಕು ಅಲ್ಲ, ಚೂಪಾದ ಮೂಲೆ, ಎರಡು ಬೇರೆ ಉಕ್ಕು ಸೇರುವ ಜಾಗದಲ್ಲೂ ಸೇರುತ್ತದೆ. ತಿರುಗುವ ಭಾಗಗಳನ್ನು, ಮುಂದೆ ವೆಲ್ಡ್ ಮಾಡಬೇಕಾದವನ್ನು ಡಿಮ್ಯಾಗ್ನೆಟೈಜ್ ಮಾಡಿಯೇ ವಾಪಸ್ ಕೊಡಿ.

ಅಲ್ಟ್ರಾಸೌಂಡ್: ಮೊದಲು ದಪ್ಪ ಅಳೆಯಲು ಕಲಿಯಿರಿ

ಒಳಗಿನ ದೋಷದ ಮಾತು ಬಂದರೆ ದೊಡ್ಡ ಕೆಲಸ ಇದರದ್ದೇ. 1928ರಲ್ಲಿ ಸೋವಿಯತ್ ವಿಜ್ಞಾನಿ ಸರ್ಗೇಯ್ ಸೊಕೊಲೋವ್ ಲೋಹದೊಳಗಿನ ದೋಷವನ್ನು ಶಬ್ದದಿಂದ ಹುಡುಕಬಹುದು ಅಂದರು. 1940ರ ದಶಕದಲ್ಲಿ ಅಮೆರಿಕದ ಫ್ಲಾಯ್ಡ್ ಫೈರ್‌ಸ್ಟೋನ್ ಒಂದೇ ಕಡೆಯಿಂದ ಶಬ್ದ ಕಳಿಸಿ ಅದರ ಎಕೋ ಹಿಡಿಯುವ ಉಪಕರಣ ತಂದರು. ಇವತ್ತಿನ ಮಷೀನ್‌ಗಳೂ ಮೂಲದಲ್ಲಿ ಅದನ್ನೇ ಮಾಡುತ್ತವೆ: ಶಬ್ದ ಹೋಗಿ ಬರಲು ತೆಗೆದುಕೊಂಡ ಸಮಯವನ್ನು ವೇಗದಿಂದ ಗುಣಿಸಿ ಎರಡರಿಂದ ಭಾಗಿಸುತ್ತವೆ.

ಆ ವೇಗವನ್ನು ಮಷೀನ್‌ಗೆ ಹೇಳಬೇಕಾದವರು ನೀವು. ಉಕ್ಕಿನಲ್ಲಿ ನೇರ ಅಲೆ ಸೆಕೆಂಡಿಗೆ ಸುಮಾರು 5,920 ಮೀಟರ್, ಅಲ್ಯೂಮಿನಿಯಂನಲ್ಲಿ ಸುಮಾರು 6,300. ಉಕ್ಕಿಗೆ ಸೆಟ್ ಮಾಡಿದ ಗೇಜನ್ನು ಹಾಗೇ 10 ಮಿ.ಮೀ. ಅಲ್ಯೂಮಿನಿಯಂ ಮೇಲೆ ಇಟ್ಟರೆ 9.4 ತೋರಿಸುತ್ತದೆ. ಗೇಜ್ ಸುಳ್ಳು ಹೇಳಿಲ್ಲ, ನೀವು ಹೇಳಿದ ಲೆಕ್ಕವನ್ನೇ ಮಾಡಿದೆ. ಅಳೆಯುವ ಲೋಹದ್ದೇ, ದಪ್ಪ ಗೊತ್ತಿರುವ ಮೆಟ್ಟಿಲು ಬ್ಲಾಕ್ ಇಟ್ಟುಕೊಂಡು, ನಿಮ್ಮ ದಪ್ಪಕ್ಕಿಂತ ತೆಳುವಾದ ಒಂದು ಮೆಟ್ಟಿಲು, ದಪ್ಪವಾದ ಒಂದು ಮೆಟ್ಟಿಲು, ಎರಡರಲ್ಲೂ ಸರಿಹೊಂದಿಸಿ.

ಪ್ರೋಬ್ ಮತ್ತು ಲೋಹದ ನಡುವೆ ಗಾಳಿ ಇರಬಾರದು, ಗಾಳಿಯ ಪದರ ಎಷ್ಟೇ ತೆಳ್ಳಗಿದ್ದರೂ ಶಬ್ದವೆಲ್ಲ ಅಲ್ಲಿಂದಲೇ ವಾಪಸ್. ಅದಕ್ಕೆ ಜೆಲ್, ಗ್ರೀಸ್, ಎಣ್ಣೆ ಏನಾದರೂ ಬೇಕು. ಸಡಿಲ ತುಕ್ಕು ಕೆರೆದು ತೆಗೆಯಿರಿ. ಪೇಂಟ್ ಇದ್ದರೆ ಎಚ್ಚರ. ಪೇಂಟಿನಲ್ಲಿ ಶಬ್ದ ನಿಧಾನ, ಆದ್ದರಿಂದ ಅರ್ಧ ಮಿ.ಮೀ. ಪೇಂಟ್ ಗೇಜಿನಲ್ಲಿ ಒಂದು ಮಿ.ಮೀ.ಗಿಂತ ಜಾಸ್ತಿ ಉಕ್ಕು ಅಂತ ಸೇರಿಕೊಳ್ಳಬಹುದು. ಒಂದೋ ಪೇಂಟ್ ತೆಗೆಯಿರಿ, ಇಲ್ಲವೇ ಎಕೋದಿಂದ ಎಕೋಗೆ ಅಳೆಯುವ ಮೋಡ್ ಇರುವ ಗೇಜ್ ಬಳಸಿ. ಬಿಸಿ ಪೈಪಿನಲ್ಲೂ ಹೀಗೇ, ಉಕ್ಕು ಬಿಸಿಯಾದಷ್ಟೂ ಶಬ್ದ ನಿಧಾನ ಆಗುತ್ತದೆ, ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಶೇ. 1ರಷ್ಟು. ಅಂದರೆ ಬಿಸಿ ಪೈಪ್ ಇರುವುದಕ್ಕಿಂತ ದಪ್ಪ ಅಂತ ತೋರುತ್ತದೆ. ಇನ್ನು ತೀರಾ ತೆಳುವಾದ ಗೋಡೆಯಲ್ಲಿ ಕೆಲವೊಮ್ಮೆ ಗೇಜ್ ಮೊದಲ ಎಕೋ ಬಿಟ್ಟು ಎರಡನೆಯದನ್ನು ಹಿಡಿದು ದುಪ್ಪಟ್ಟು ಹೇಳುತ್ತದೆ. ಗಮನಿಸಿ, ಈ ಮೂರೂ ತಪ್ಪುಗಳು ಅಪಾಯದ ಕಡೆಗೇ ವಾಲುತ್ತವೆ: ಗೋಡೆ ಸವೆದಿದೆ, ಗೇಜ್ ಮಾತ್ರ ದಪ್ಪ ಇದೆ ಅನ್ನುತ್ತದೆ. ಪೈಪಿನ ಮೇಲೆ ಎರಡು ಕ್ರಿಸ್ಟಲ್‌ನ ಪ್ರೋಬ್ ಬಳಸುವಾಗ ನಡುವಿನ ಗೆರೆಯನ್ನು ಪೈಪಿಗೆ ಅಡ್ಡಲಾಗಿ ಒಮ್ಮೆ, ಉದ್ದಕ್ಕೆ ಒಮ್ಮೆ ಇಟ್ಟು, ಕಡಿಮೆ ಬಂದದ್ದನ್ನು ಬರೆದುಕೊಳ್ಳಿ. ಗುಂಡಿಗುಂಡಿಯಾಗಿ ತಿಂದ ತುಕ್ಕಿದ್ದರೆ ಒಂದು ಚುಕ್ಕಿಯಲ್ಲಿ ಅಳೆದು ಹೋಗಬೇಡಿ, ಪ್ರೋಬನ್ನು ಸರಿಸುತ್ತಾ ಅತಿ ಕಡಿಮೆ ಎಲ್ಲಿ ಅಂತ ಹುಡುಕಿ.

ವೆಲ್ಡ್‌ನ ಒಳಗೆ ನೋಡುವುದು

ದಪ್ಪ ಅಳೆಯುವುದು ಒಂದು ವಾರದಲ್ಲಿ ಕೈಗೆ ಬರುತ್ತದೆ. ವೆಲ್ಡ್ ನೋಡುವುದಕ್ಕೆ ತರಬೇತಿ ಬೇಕು, ಅಧಿಕೃತ ತೀರ್ಪು ಕೊಡಲು ಐಎಸ್‌ಒ 9712 ಥರದ ಪದ್ಧತಿಯಲ್ಲಿ ಲೆವೆಲ್ 2 ಆಗಿರಬೇಕು. ಆದರೂ ತರ್ಕ ಎಲ್ಲರಿಗೂ ಗೊತ್ತಿರುವುದು ಒಳ್ಳೇದು, ಕೆಲಸ ಮಾಡಿಸುವವರಿಗಂತೂ ಗೊತ್ತಿರಲೇಬೇಕು.

ಮೊದಲು ವೆಲ್ಡ್‌ನ ಎರಡೂ ಬದಿಯ ಪ್ಲೇಟನ್ನು ನೇರ ಪ್ರೋಬಿನಲ್ಲಿ ಸವರಬೇಕು. ಅಲ್ಲಿ ಲ್ಯಾಮಿನೇಷನ್ ಇದ್ದರೆ ಓರೆ ಅಲೆ ವೆಲ್ಡ್ ತನಕ ಹೋಗುವುದೇ ಇಲ್ಲ, ಮಧ್ಯದಲ್ಲೇ ತಿರುಗಿಬಿಡುತ್ತದೆ. ಆಮೇಲೆ ಓರೆ ಪ್ರೋಬ್, ಅಂದರೆ ಶಬ್ದವನ್ನು ಓರೆಯಾಗಿ ಕಳಿಸುವಂಥದ್ದು. ಮಾರುಕಟ್ಟೆಯಲ್ಲಿ ಮಾಮೂಲಾಗಿ ಸಿಗುವುದು 45, 60, 70 ಡಿಗ್ರಿಯವು (ನೆಟ್ಟಗಿನ ಗೆರೆಯಿಂದ ಲೆಕ್ಕ). ಯಾವುದನ್ನು ಆರಿಸುವುದು? ವಿ ಆಕಾರದ ವೆಲ್ಡ್ ತಗೊಳ್ಳಿ. ಒಟ್ಟು ಕೋನ 60 ಡಿಗ್ರಿ ಇದ್ದರೆ ಒಂದೊಂದು ಬದಿ ನೆಟ್ಟಗಿನ ಗೆರೆಯಿಂದ 30 ಡಿಗ್ರಿ ವಾಲಿರುತ್ತದೆ. ಆ ಬದಿಗೆ ಲೋಹ ಕೂಡಿಲ್ಲದಿದ್ದರೆ ಅದು ಕನ್ನಡಿಯ ಹಾಗೆ ಚಪ್ಪಟೆ ದೋಷ. ಅದಕ್ಕೆ ಶಬ್ದ ಲಂಬವಾಗಿ ಬಡಿದರೆ ಮಾತ್ರ ಪ್ರೋಬಿಗೆ ವಾಪಸ್ ಬರುತ್ತದೆ. 90ರಲ್ಲಿ 30 ಕಳೆದರೆ 60. ಅದೂ ಕೆಳಗಿನ ಮೇಲ್ಮೈಗೆ ಒಮ್ಮೆ ಬಡಿದು ಮೇಲಕ್ಕೆ ಏಳುವ ಅಲೆಯಿಂದ. ಆ ಅಲೆ ಮತ್ತೆ ಮೇಲ್ಮೈ ಮುಟ್ಟುವ ದೂರ ದಪ್ಪದ ಎರಡರಷ್ಟನ್ನು ಕೋನದ ಟ್ಯಾನ್‌ನಿಂದ ಗುಣಿಸಿದಷ್ಟು. 20 ಮಿ.ಮೀ. ಪ್ಲೇಟ್, 60 ಡಿಗ್ರಿ ಪ್ರೋಬ್ ಆದರೆ ಸುಮಾರು 69 ಮಿ.ಮೀ. ಅಷ್ಟು ಅಗಲ ಪ್ಲೇಟ್ ವೆಲ್ಡ್ ಪಕ್ಕದಲ್ಲಿ ಸ್ವಚ್ಛ ಇಲ್ಲದಿದ್ದರೆ, ಅಲ್ಲಿ ಏನೋ ಬ್ರಾಕೆಟ್ ಅಡ್ಡ ಇದ್ದರೆ, ಪ್ರೋಬ್ ಹಿಂದೆ ಸರಿಯಲು ಆಗುವುದಿಲ್ಲ, ವೆಲ್ಡ್‌ನ ಮೇಲ್ಭಾಗ ನೋಡದೇ ಉಳಿಯುತ್ತದೆ. ರಿಪೋರ್ಟಿನಲ್ಲಿ ಇದನ್ನು ಬರೆದಿರುತ್ತಾರಾ ನೋಡಿ. ಬಹಳ ಸಲ ಬರೆದಿರುವುದಿಲ್ಲ.

ಫ್ರೀಕ್ವೆನ್ಸಿ ಹೆಚ್ಚಿಸಿದರೆ ಸಣ್ಣ ದೋಷ ಸಿಗುತ್ತದೆ, ಆದರೆ ಶಬ್ದ ದೂರ ಹೋಗುವುದಿಲ್ಲ. ಉಕ್ಕಿನಲ್ಲಿ ಓರೆ ಅಲೆಯ ವೇಗ ಸೆಕೆಂಡಿಗೆ ಸುಮಾರು 3,240 ಮೀಟರ್, 4 ಮೆಗಾಹರ್ಟ್ಸ್ ಪ್ರೋಬಿಗೆ ಅಲೆಯ ಉದ್ದ 0.8 ಮಿ.ಮೀ. ಅದರ ಅರ್ಧದಷ್ಟು ಗಾತ್ರದ ದೋಷ ಅಂದಾಜು ಮಿತಿ. ಒರಟು ಕಣದ ಎರಕದಲ್ಲಿ, ಸ್ಟೇನ್‌ಲೆಸ್ ವೆಲ್ಡ್‌ನಲ್ಲಿ ಶಬ್ದ ಚೆದುರಿ ಸ್ಕ್ರೀನ್ ತುಂಬ ಹುಲ್ಲು ಬೆಳೆದ ಹಾಗೆ ಕಾಣುತ್ತದೆ, ಅಂಥ ಕಡೆ 1 ಅಥವಾ 2 ಮೆಗಾಹರ್ಟ್ಸ್‌ಗೆ ಇಳಿಯಬೇಕು.

ಎಕೋ ಎತ್ತರ ಇದ್ದರೆ ದೋಷ ದೊಡ್ಡದು ಅಂತ ಅಲ್ಲ. ವಾಲಿದ ದೊಡ್ಡ ಬಿರುಕು ಸಣ್ಣ ಎಕೋ ಕೊಡುತ್ತದೆ, ಎದುರಿಗೆ ನಿಂತ ಸಣ್ಣ ದೋಷ ದೊಡ್ಡ ಎಕೋ ಕೊಡುತ್ತದೆ. ಅದಕ್ಕೇ ಪ್ರೋಬನ್ನು ತಿರುಗಿಸಿ, ಅಲ್ಲಾಡಿಸಿ, ಇನ್ನೊಂದು ಕೋನದಿಂದ, ವೆಲ್ಡ್‌ನ ಆ ಬದಿಯಿಂದಲೂ ನೋಡಬೇಕು. ಫೇಸ್ಡ್ ಅರೇ ಮಷೀನ್‌ಗಳು ಹಲವು ಕೋನಗಳನ್ನು ಒಟ್ಟಿಗೇ ಕಳಿಸಿ ಚಿತ್ರ ತೋರಿಸುತ್ತವೆ, ಬಹಳ ಅನುಕೂಲ. ಆದರೆ ಚಿತ್ರ ಬಣ್ಣದಲ್ಲಿದೆ ಅಂದ ಮಾತ್ರಕ್ಕೆ ಅಲೆ ಹೋಗದ ಜಾಗಕ್ಕೆ ಹೋಗಿಬಿಟ್ಟಿದೆ ಅಂತ ಆಗಲ್ಲ, ಅಲ್ವಾ?

ರೇಡಿಯೋಗ್ರಫಿ (ಎಕ್ಸ್-ರೇ, ಗಾಮಾ ಕಿರಣ)

ಗುಳ್ಳೆ, ಸ್ಲ್ಯಾಗ್, ಎರಕದ ಟೊಳ್ಳು ಇಂಥ ಗಾತ್ರ ಇರುವ ದೋಷಕ್ಕೆ ಇದು ಬಹಳ ಒಳ್ಳೆಯದು, ದಾಖಲೆಯೂ ಫಿಲ್ಮ್ ರೂಪದಲ್ಲಿ ಉಳಿಯುತ್ತದೆ. ಸೈಟಿನಲ್ಲಿ ಹೆಚ್ಚು ಬಳಸುವುದು ಇರಿಡಿಯಂ-192 ಅನ್ನುವ ವಿಕಿರಣ ಸೂಸುವ ಸೋರ್ಸ್. ಅದರ ಅರ್ಧಾಯುಷ್ಯ ಸುಮಾರು 74 ದಿನ, ಅಂದರೆ ಅಷ್ಟು ದಿನ ಕಳೆದರೆ ಅದೇ ಫಿಲ್ಮಿಗೆ ಎರಡರಷ್ಟು ಸಮಯ ಬೇಕು. ತುಂಬಾ ದಪ್ಪ ಉಕ್ಕಿಗೆ ಕೋಬಾಲ್ಟ್-60, ಅರ್ಧಾಯುಷ್ಯ 5.27 ವರ್ಷ.

ಇದನ್ನು ನೀವೇ ಮಾಡುವ ಪ್ರಶ್ನೆ ಇಲ್ಲ. ಪರವಾನಗಿ ಇರುವ ತಂಡವೇ ಮಾಡಬೇಕು. ಮಾಡಿಸುವಾಗ ನೀವು ನೋಡಬೇಕಾದ್ದು ಕೆಲವು ಇವೆ. ಫಿಲ್ಮಿನ ಮೇಲೆ ತೆಳು ತಂತಿಗಳ ಸಾಲು ಕಾಣಬೇಕು, ಅದು ಐಕ್ಯೂಐ, ಚಿತ್ರದ ಗುಣಮಟ್ಟ ತಿಳಿಸುವ ಗುರುತು. ಕೇಳಿದಷ್ಟು ತೆಳುವಾದ ತಂತಿ ಕಾಣದಿದ್ದರೆ ಆ ಫಿಲ್ಮಿನಲ್ಲಿ ಸಣ್ಣ ದೋಷವೂ ಕಾಣುತ್ತಿರಲಿಲ್ಲ ಅಂತ ಅರ್ಥ, ವಾಪಸ್ ಕಳಿಸಿ. ಸೋರ್ಸ್ ತೀರಾ ಹತ್ತಿರ ಇಟ್ಟು ಬೇಗ ಮುಗಿಸಿದರೆ ಅಂಚು ಮಸುಕಾಗುತ್ತದೆ. ಸೋರ್ಸಿನ ಗಾತ್ರವನ್ನು ದಪ್ಪದಿಂದ ಗುಣಿಸಿ ದೂರದಿಂದ ಭಾಗಿಸಿದರೆ ಮಸುಕು ಎಷ್ಟು ಅಂತ ಸಿಗುತ್ತದೆ: 3 ಮಿ.ಮೀ. ಸೋರ್ಸ್, 20 ಮಿ.ಮೀ. ಉಕ್ಕು, 600 ಮಿ.ಮೀ. ದೂರ ಆದರೆ 0.1 ಮಿ.ಮೀ. ದೂರ ಎರಡರಷ್ಟು ಮಾಡಿದರೆ ಸಮಯ ನಾಲ್ಕರಷ್ಟು ಬೇಕು, ಹಾಗಾಗಿ ಆತುರದಲ್ಲಿ ದೂರ ಕಡಿಮೆ ಮಾಡುವ ಆಸೆ ಸಹಜ.

ಸುರಕ್ಷತೆಯಲ್ಲಿ ಒಂದೇ ಮಾತು. ಪ್ರತಿ ಶಾಟ್ ಮುಗಿದ ಮೇಲೂ ಸರ್ವೆ ಮೀಟರ್ (ವಿಕಿರಣ ಅಳೆಯುವ ಮೀಟರ್) ಹಿಡಿದು ಸೋರ್ಸ್ ಪೆಟ್ಟಿಗೆಯೊಳಗೆ ಪೂರ್ತಿ ಬಂತೇ ಅಂತ ನೋಡಲೇಬೇಕು. ಬಂದಿರಬಹುದು ಅಂದುಕೊಂಡು ಹತ್ತಿರ ಹೋದವರಿಗೇ ಅಪಘಾತಗಳು ಆಗಿರುವುದು. ಸೈಟಿನಲ್ಲಿ ಬಿದ್ದಿರುವ ಗುರುತಿಲ್ಲದ ಹೊಳೆಯುವ ಲೋಹದ ತುಂಡನ್ನು ಯಾರೂ ಎತ್ತಿ ಜೇಬಿಗೆ ಹಾಕಿಕೊಳ್ಳಬಾರದು.

ಎಡ್ಡಿ ಕರೆಂಟ್ ಬಗ್ಗೆ ಎರಡು ಮಾತು ಸಾಕು. ಕಾಯಿಲಿನಿಂದ ಲೋಹದಲ್ಲಿ ಸುಳಿ ಕರೆಂಟ್ ಹುಟ್ಟಿಸಿ ಅದು ಎಲ್ಲಿ ತಡವರಿಸುತ್ತದೆ ಅಂತ ನೋಡುವುದು. ಜೆಲ್ ಬೇಡ, ತೆಳು ಪೇಂಟ್ ತೆಗೆಯುವುದೂ ಬೇಡ, ಕರೆಂಟ್ ಹರಿಯುವ ಲೋಹವಾದರೆ ಸಾಕು. ಹೀಟ್ ಎಕ್ಸ್‌ಚೇಂಜರ್ ಟ್ಯೂಬ್‌ಗಳಿಗೆ, ವಿಮಾನದ ರಿವೆಟ್ ರಂಧ್ರಗಳಿಗೆ ಇದಕ್ಕಿಂತ ವೇಗದ್ದು ಸಿಗುವುದು ಕಷ್ಟ. ಆಳಕ್ಕೆ ಹೋಗುವುದಿಲ್ಲ, ಫ್ರೀಕ್ವೆನ್ಸಿ ಹೆಚ್ಚಾದಷ್ಟೂ ಇನ್ನೂ ಮೇಲೇ ಉಳಿಯುತ್ತದೆ. ಅದೇ ಲೋಹದಲ್ಲಿ ಬೇಕೆಂದೇ ಗೀರು ಕೊರೆದ ಮಾದರಿ ತುಂಡು ಇಲ್ಲದೆ ಸ್ಕ್ರೀನ್ ನೋಡಿ ಏನೂ ಹೇಳಲಾಗದು.

ಕಾಂಕ್ರೀಟ್ ಆದರೆ

ಲೋಹದ ಉಪಕರಣ ಇಲ್ಲಿ ನಡೆಯುವುದಿಲ್ಲ. ಜಲ್ಲಿ, ಮರಳು, ಕಂಬಿ ಎಲ್ಲ ಸೇರಿ ಶಬ್ದವನ್ನು ಚೆದುರಿಸಿಬಿಡುತ್ತವೆ. ಅದಕ್ಕೆ ಕಡಿಮೆ ಫ್ರೀಕ್ವೆನ್ಸಿ, ಸಾಮಾನ್ಯವಾಗಿ 54 ಕಿಲೋಹರ್ಟ್ಸ್.

ಆದರೆ ಮೊದಲು ಸಣ್ಣ ಸುತ್ತಿಗೆ ತಗೊಂಡು ಬಡಿದು ನೋಡಿ. ಗಟ್ಟಿ ಕಾಂಕ್ರೀಟ್ ಟಣ್ ಅನ್ನುತ್ತದೆ, ಪದರ ಬಿಟ್ಟಿರುವ ಕಡೆ ಟೊಳ್ಳು ಶಬ್ದ ಬರುತ್ತದೆ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿ ಮೇಲಿನ ಕಾಂಕ್ರೀಟನ್ನು ಎತ್ತಿರುವ ಜಾಗವನ್ನು ಸುತ್ತಿಗೆಯಷ್ಟು ಬೇಗ ಬೇರೆ ಯಾವುದೂ ತೋರಿಸುವುದಿಲ್ಲ. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಹಾಕಿಕೊಂಡು ಹೋಗಿ. ಬಿಸಿಲು ಬಿದ್ದು ಕಾಯುವ ಹೊತ್ತಿನಲ್ಲಿ ಥರ್ಮಲ್ ಕ್ಯಾಮೆರಾದಲ್ಲೂ ಈ ಜಾಗಗಳು ಸುತ್ತಲಿಗಿಂತ ಬಿಸಿಯಾಗಿ ಕಾಣುತ್ತವೆ, ದೊಡ್ಡ ಸೇತುವೆ ಡೆಕ್‌ಗೆ ಅದು ಒಳ್ಳೆಯ ಉಪಾಯ.

ರೀಬೌಂಡ್ ಹ್ಯಾಮರ್ ಅನ್ನುವುದು ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಶ್ಮಿಟ್ ತಂದ, ಬಡಿದ ಮೇಲೆ ಎಷ್ಟು ಪುಟಿಯುತ್ತದೆ ಅಂತ ನೋಡುವ ಉಪಕರಣ, ಇವತ್ತಿಗೂ ಅವರದೇ ಹೆಸರಿನಲ್ಲಿ ಕರೆಯುತ್ತಾರೆ. ಪ್ಲಾಸ್ಟರ್ ತೆಗೆದು, ಕಲ್ಲಿನಿಂದ ಉಜ್ಜಿ ನಯ ಮಾಡಿ, 25 ಮಿ.ಮೀ. ದೂರ ಬಿಟ್ಟು ಹತ್ತು ಕಡೆ ಹೊಡೆದು ಸರಾಸರಿ ತೆಗೆಯುವುದು ರೂಢಿ. ಒಂದೇ ಚುಕ್ಕಿಗೆ ಎರಡು ಸಲ ಹೊಡೆಯಬಾರದು. ಇದು ಅಳೆಯುವುದು ಮೇಲಿನ ಪದರದ ಗಡಸುತನ ಮಾತ್ರ. ಹಳೆ ಕಾಂಕ್ರೀಟಿನ ಮೇಲ್ಮೈ ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಗಟ್ಟಿಯಾಗಿರುತ್ತದೆ, ನಂಬರ್ ಜಾಸ್ತಿ ಬರುತ್ತದೆ, ಒಳಗೆ ಹನಿಕೋಂಬ್ (ಜೇನುಗೂಡಿನಂಥ ಟೊಳ್ಳು) ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಒದ್ದೆ ಇದ್ದರೆ ಕಡಿಮೆ ಬರುತ್ತದೆ. ಬರೀ ಈ ನಂಬರ್ ನೋಡಿ ‘ಶಕ್ತಿ ಇಷ್ಟು’ ಅಂತ ಬರೆದ ರಿಪೋರ್ಟನ್ನು ನಾನಂತೂ ನಂಬುವುದಿಲ್ಲ. ಕೆಲವು ಕಡೆ ಕೋರ್ (ಕೊರೆದ ಕಾಂಕ್ರೀಟ್ ತುಂಡು) ತೆಗೆದು ಹೋಲಿಸಿರಬೇಕು.

ಒಳಗೆ ನೋಡಬೇಕು ಅಂದರೆ ಯುಪಿವಿ (ಅಲ್ಟ್ರಾಸಾನಿಕ್ ಪಲ್ಸ್ ವೆಲಾಸಿಟಿ). ಕಂಬದ ಎರಡು ಎದುರು ಮುಖಗಳಿಗೆ ಒಂದೊಂದು ಪ್ರೋಬ್ ಇಟ್ಟು ಶಬ್ದ ದಾಟುವ ಸಮಯ ಅಳೆಯುವುದು. 300 ಮಿ.ಮೀ. ಕಂಬವನ್ನು 70 ಮೈಕ್ರೋಸೆಕೆಂಡಿನಲ್ಲಿ ದಾಟಿದರೆ ವೇಗ ಸೆಕೆಂಡಿಗೆ ಸುಮಾರು 4.3 ಕಿ.ಮೀ., ಒಳ್ಳೆಯ ಕಾಂಕ್ರೀಟ್. 110 ಮೈಕ್ರೋಸೆಕೆಂಡ್ ಬಂದರೆ 2.7, ಒಳಗೆ ಏನೋ ಸರಿ ಇಲ್ಲ, ಶಬ್ದ ಸುತ್ತಿ ಬಳಸಿ ಬಂದಿದೆ. 4.5ಕ್ಕಿಂತ ಮೇಲೆ ಅತ್ಯುತ್ತಮ, 3ಕ್ಕಿಂತ ಕೆಳಗೆ ಅನುಮಾನ ಅನ್ನುವುದು ಬಹಳ ಕಡೆ ಬಳಸುವ ಲೆಕ್ಕ. ಅಲೆಯ ದಾರಿಗೇ ಉದ್ದಕ್ಕೆ ಕಂಬಿ ಇದ್ದರೆ ವೇಗ ಸುಳ್ಳೇ ಜಾಸ್ತಿ ಬರುತ್ತದೆ, ಆದ್ದರಿಂದ ಮೊದಲು ಕವರ್ ಮೀಟರಿನಲ್ಲಿ ಕಂಬಿ ಎಲ್ಲಿದೆ ಅಂತ ಗುರುತು ಮಾಡಿ. ಎರಡೂ ಪ್ರೋಬನ್ನು ಒಂದೇ ಮುಖದಲ್ಲಿ ಇಟ್ಟು ಅಳೆಯುವುದು ಬೇರೆ ದಾರಿ ಇಲ್ಲದಾಗ ಮಾತ್ರ.

ಕಂಬಿ ತುಕ್ಕು ಹಿಡಿಯುತ್ತಿದೆಯೇ ಅನ್ನುವುದಕ್ಕೆ ಹಾಫ್-ಸೆಲ್, ಅಂದರೆ ಕಂಬಿಯ ವೋಲ್ಟೇಜ್ ಅಳೆಯುವ ಪರೀಕ್ಷೆ. ತಾಮ್ರ-ತಾಮ್ರದ ಸಲ್ಫೇಟ್ ಎಲೆಕ್ಟ್ರೋಡ್‌ನಲ್ಲಿ ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ಹೋದರೆ ಆ ಹೊತ್ತಿಗೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇ. 90ಕ್ಕಿಂತ ಹೆಚ್ಚು. ಎಷ್ಟು ತಿಂದಿದೆ ಅಂತ ಮಾತ್ರ ಅದು ಹೇಳುವುದಿಲ್ಲ.

‘ದೋಷ ಇಲ್ಲ’ ಅಂದರೆ ಏನು

1989ರ ಜುಲೈ 19ರಂದು ಯುನೈಟೆಡ್ 232 ವಿಮಾನದ ಬಾಲದ ಎಂಜಿನ್‌ನಲ್ಲಿ ಟೈಟೇನಿಯಂ ಫ್ಯಾನ್ ಡಿಸ್ಕ್ ಒಡೆದು ಚೂರಾಯಿತು. ಚೂರುಗಳು ಹೈಡ್ರಾಲಿಕ್ ಪೈಪ್‌ಗಳನ್ನು ಕತ್ತರಿಸಿದವು, ಅಮೆರಿಕದ ಸೂ ಸಿಟಿಯಲ್ಲಿ ವಿಮಾನ ನೆಲಕ್ಕಪ್ಪಳಿಸಿ 110ಕ್ಕೂ ಹೆಚ್ಚು ಜನ ಸತ್ತರು. ಡಿಸ್ಕ್‌ನ ಲೋಹದಲ್ಲಿ ತಯಾರಿಕೆಯ ಕಾಲದ ಒಂದು ಗಟ್ಟಿ ಕಣ ಇತ್ತು, ಬಿರುಕು ಅಲ್ಲಿಂದ ಬೆಳೆದಿತ್ತು. ಆ ಡಿಸ್ಕ್‌ಗೆ ಹಿಂದಿನ ವರ್ಷವೇ ಫ್ಲೋರೊಸೆಂಟ್ ಪೆನೆಟ್ರೆಂಟ್ ಪರೀಕ್ಷೆ (ಹೊಳೆಯುವ ದ್ರವದ ಡಿಪಿ) ಆಗಿತ್ತು. ಆಗ ಮೇಲ್ಮೈಯಲ್ಲಿ ಬಿರುಕು ಸುಮಾರು ಅರ್ಧ ಇಂಚು ಉದ್ದ ಇತ್ತು ಅಂತ ತನಿಖೆ ಕಂಡುಕೊಂಡಿತು. ವಿಧಾನ ಸರಿ ಇತ್ತು, ಬಿರುಕು ಸಿಗುವಷ್ಟು ದೊಡ್ಡದಿತ್ತು, ಆದರೂ ಸಿಗಲಿಲ್ಲ. ಪರೀಕ್ಷೆ ಮಾಡುವ ಮನುಷ್ಯರ ಮಿತಿಯನ್ನು ಗಮನಕ್ಕೆ ತೆಗೆದುಕೊಳ್ಳದೇ ಇದ್ದದ್ದನ್ನು ತನಿಖಾ ವರದಿ ಕಾರಣವಾಗಿ ಹೆಸರಿಸಿತು.

ನೂರಾರು ಒಳ್ಳೆಯ ಭಾಗಗಳನ್ನು ನೋಡಿದ ಕಣ್ಣು ಮುಂದಿನದ್ದೂ ಒಳ್ಳೆಯದೇ ಅಂತ ನಂಬಿಬಿಡುತ್ತದೆ. ಇದಕ್ಕೆ ಮಾಡಬಹುದಾದ್ದು ಇದೆ. ಗೊತ್ತಿರುವ ಬಿರುಕಿರುವ ಒಂದು ತುಂಡನ್ನು ದಿನದ ಶುರುವಿನಲ್ಲಿ, ಕೊನೆಯಲ್ಲಿ ಪರೀಕ್ಷೆ ಮಾಡಿ. ಕೊನೆಯಲ್ಲಿ ಅದು ಸಿಗದಿದ್ದರೆ ನಡುವೆ ಮಾಡಿದ್ದೆಲ್ಲ ಮತ್ತೆ. ಬಿಡುವು ಕೊಡಿ, ರಾತ್ರಿ ಪಾಳಿಯ ಕೊನೆಯಲ್ಲಿ ಮುಖ್ಯ ಭಾಗ ಇಡಬೇಡಿ, ಹತ್ತಿರದ ದೃಷ್ಟಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ರಿಪೋರ್ಟಿನಲ್ಲಿ ‘ದೋಷ ಇಲ್ಲ’ ಬದಲು ಯಾವ ವಿಧಾನದಲ್ಲಿ, ಯಾವ ಪ್ರೋಬ್ ಅಥವಾ ಡಬ್ಬಿಯಿಂದ, ಯಾವ ದಿಕ್ಕಿನಿಂದ, ಎಷ್ಟು ಭಾಗ ನೋಡಲಾಯಿತು, ಎಷ್ಟು ನೋಡಲು ಆಗಲಿಲ್ಲ, ಯಾಕೆ, ಅಂತ ಬರೆಸಿ. ತುಕ್ಕಿನ ವಿಷಯದಲ್ಲಿ ಅಳತೆಯ ಜಾಗವನ್ನೂ ಕಡ್ಡಾಯವಾಗಿ ಬರೆಸಿ. ಮೂರು ವರ್ಷದ ಹಿಂದೆ 9.2 ಮಿ.ಮೀ. ಇದ್ದ ಗೋಡೆ ಈಗ 8.6 ಇದ್ದರೆ ವರ್ಷಕ್ಕೆ 0.2 ಸವೆಯುತ್ತಿದೆ. ಕನಿಷ್ಠ 7 ಬೇಕು ಅಂದರೆ ಇನ್ನು ಎಂಟು ವರ್ಷ ಬಾಳುತ್ತದೆ, ಮುಂದಿನ ಪರೀಕ್ಷೆ ಅದರ ಅರ್ಧಕ್ಕೆ, ಅಂದರೆ ನಾಲ್ಕು ವರ್ಷದೊಳಗೆ. ಎರಡು ಅಳತೆಗಳೂ ಅದೇ ಚುಕ್ಕಿಯದ್ದಾದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಹಾಗಾಗಿ ಗೇಜ್ ಎತ್ತುವ ಮುಂಚೆ ಆ ಚುಕ್ಕಿಗೆ ಪೇಂಟಿನಲ್ಲಿ ಗುರುತು ಹಾಕಿ, ಡ್ರಾಯಿಂಗ್ ಮೇಲೂ ಅದೇ ನಂಬರ್ ಬರೆದಿಡಿ.